30 ಗಂಟೆ 20 ನಿಮಿಷದಲ್ಲಿ ತುಂಬುವ ಭದ್ರಾ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ ಬಿಆರ್‌ಪಿ ಎಂಬ ಊರಿನ ಕಡೆಗೆ ಹೋದರೆ ಭದ್ರಾ ಅಣೆಕಟ್ಟು ಸಿಗುತ್ತದೆ. ಪೂರ್ಣ ಮಟ್ಟ 186 ಅಡಿ, ಸಂಗ್ರಹ ಸುಮಾರು 71.5 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಮಳೆಗಾಲದಲ್ಲಿ ಇಲ್ಲಿ ನೀರು ಒಂದಡಿ ಏರಿತೆಂದರೆ ಭದ್ರಾವತಿಯಿಂದ ದಾವಣಗೆರೆಯವರೆಗೆ ಅಚ್ಚುಕಟ್ಟಿನ ರೈತರು ಪತ್ರಿಕೆಯಲ್ಲಿ ಹುಡುಕಿ ಓದುತ್ತಾರೆ. ಘಟ್ಟದ ಮಳೆಯೆಲ್ಲ ಹರಿದು ಬಂದರೂ ಜಲಾಶಯ ತುಂಬಲು ವಾರಗಟ್ಟಲೆ ಬೇಕು.

ಇದೇ ಜಲಾಶಯವನ್ನು ನೀರಿನ ಬದಲು ಬ್ಯಾಕ್ಟೀರಿಯಾದಿಂದ ತುಂಬಿಸಬೇಕೆಂದರೆ ಎಷ್ಟು ಹೊತ್ತು ಬೇಕು? ಶುರುವಿಗೆ ಒಂದೇ ಒಂದು ಬ್ಯಾಕ್ಟೀರಿಯಾ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕೋಣ.

ನಮ್ಮ ಕರುಳಿನಲ್ಲೇ ಇರುವ ಇ-ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಮೈಯ ಬಿಸಿ ಮತ್ತು ಬೇಕಾದಷ್ಟು ಆಹಾರ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಅದರ ಗಾತ್ರ ಹೆಚ್ಚುಕಡಿಮೆ ಒಂದು ಘನ ಮೈಕ್ರಾನ್. ಒಂದು ಎಂಎಲ್ ಜಾಗದಲ್ಲಿ ಒತ್ತಿ ತುಂಬಿದರೆ ಒಂದು ಲಕ್ಷ ಕೋಟಿ ಹಿಡಿಯುತ್ತವೆ. ಮೊದಲ ಒಂದು ಗಂಟೆಗೆ ಎಂಟಾದವು. 7 ಗಂಟೆಗೆ 20 ಲಕ್ಷ ದಾಟಿದವು. 10 ಗಂಟೆಗೆ 107 ಕೋಟಿ, ಆದರೂ ಎಲ್ಲ ಸೇರಿ ಒಂದು ಘನ ಮಿಲಿಮೀಟರಿನಷ್ಟು ಮಾತ್ರ. 12 ಗಂಟೆ ಕಳೆದಾಗ ಎಲ್ಲ ಸೇರಿ ಒಂದು ತೊಟ್ಟು. 18 ಗಂಟೆಗೆ 18 ಲೀಟರಿನ ಒಂದು ಬಕೆಟ್. 24 ಗಂಟೆಗೆ 47 ಲಕ್ಷ ಲೀಟರ್. ಇದು ದೊಡ್ಡ ಮೊತ್ತವೇ ಆದರೂ ಜಲಾಶಯದ ನಾಲ್ಕು ಲಕ್ಷದಲ್ಲಿ ಒಂದು ಪಾಲೂ ಅಲ್ಲ. ಇಡೀ ಒಂದು ಹಗಲು, ಒಂದು ರಾತ್ರಿ ಮುಗಿದಿದೆ, ಅಣೆಕಟ್ಟೆಯ ತಳವೂ ಒದ್ದೆಯಾಗಿಲ್ಲ. ಇನ್ನಾರು ಗಂಟೆ ಕಳೆಯಲಿ, ಸಂಗ್ರಹ 43 ಟಿಎಂಸಿ ದಾಟುತ್ತದೆ. ಮುಂದಿನ 20 ನಿಮಿಷ ಮುಗಿಯುವುದರೊಳಗೆ 71.5 ಟಿಎಂಸಿ ಮೀರಿ ಕ್ರೆಸ್ಟ್ ಗೇಟುಗಳನ್ನು ಎತ್ತಬೇಕು. ಒಟ್ಟು 30 ಗಂಟೆ 20 ನಿಮಿಷ.

ನಿಜದಲ್ಲಿ ಹೀಗಾಗುವುದಿಲ್ಲ. ಆಹಾರ ಮುಗಿಯುತ್ತದೆ, ಜಾಗ ಸಾಲದು, ತಮ್ಮದೇ ಕಸದಲ್ಲಿ ಅವು ಸಾಯುತ್ತವೆ. ಆದರೆ ಈ ಲೆಕ್ಕದ ಮೊದಲ ಕೆಲವು ಗಂಟೆಗಳಿವೆಯಲ್ಲ, ಅವು ಆಸ್ಪತ್ರೆಯಲ್ಲಿ ನಿಜಕ್ಕೂ ನಡೆಯುತ್ತವೆ. ಆಪರೇಷನ್ ಆದ ಗಾಯದಲ್ಲಿ, ಮೂತ್ರದ ನಳಿಕೆಯಲ್ಲಿ, ಡ್ರಿಪ್ ಹಾಕಿದ ಕ್ಯಾನುಲಾದ ಬಾಯಲ್ಲಿ ಬೆಚ್ಚಗೆ, ತೇವವಾಗಿ, ಉಣ್ಣಲು ಬೇಕಾದಷ್ಟು ಇರುವ ಜಾಗ ಅವಕ್ಕೆ ಸಿಗುತ್ತದೆ. ಅಲ್ಲಿ ವೇಗ ಇದಕ್ಕಿಂತ ಕಡಿಮೆ ಇರಬಹುದು, ಮೈಯೂ ಎದುರು ನಿಲ್ಲುತ್ತದೆ, ಆದರೆ ದುಪ್ಪಟ್ಟಾಗುವ ಗುಣ ಬದಲಾಗದು. 12 ಗಂಟೆಯವರೆಗೆ ಒಂದೇ ತೊಟ್ಟು ಎಂಬುದನ್ನು ನೆನಪಿಡಬೇಕು. ಕೀವು ಕಂಡು, ಜ್ವರ ಏರಿ, ರೋಗಿಯ ಕಡೆಯವರು ಡಾಕ್ಟರನ್ನು ಕರೆಯಲು ಓಡುವ ಹೊತ್ತಿಗೆ ಲೆಕ್ಕ ಎಷ್ಟೋ ಮುಂದೆ ಹೋಗಿರುತ್ತದೆ. ಆಸ್ಪತ್ರೆಯ ಸೋಂಕು ತಡೆಯುವ ಕೆಲಸ ಸಂಖ್ಯೆ ಇನ್ನೂ ಒಂದು, ಹತ್ತು, ನೂರು ಇರುವಾಗಲೇ ಆಗಬೇಕು. ಆ ಹಂತದಲ್ಲಿ ಅದನ್ನು ಮಾಡಬಲ್ಲದ್ದು ಮುಖ್ಯವಾಗಿ ತೊಳೆದ ಕೈ.

ಆ ತಡೆ ಸೋತರೆ ಬೆಲೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ವರದಿಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ 7 ಮಂದಿಗೆ, ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಬರುವಾಗ ಇಲ್ಲದ ಸೋಂಕು ಆಸ್ಪತ್ರೆಯಲ್ಲೇ ತಗಲುತ್ತದೆ. ಹಾಗೆ ತಗಲಿದ ಹತ್ತು ಜನರಲ್ಲಿ ಸರಾಸರಿ ಒಬ್ಬರು ಸಾಯುತ್ತಾರೆ. ಹೆರಿಗೆಗೆಂದೋ ಕಾಲು ಮುರಿದೋ ಬಂದವರು ಬೇರೆಯದೇ ಕಾರಣಕ್ಕೆ ಹೋಗಿಬಿಡುತ್ತಾರೆ. ಅದೇ ವರದಿಯಲ್ಲಿ ಇನ್ನೊಂದು ಅಂಕಿಯಿದೆ: ಕೈ ಶುಚಿ ಮತ್ತಿತರ ಸರಳ, ಅಗ್ಗದ ಕ್ರಮಗಳಿಂದ ಇಂಥ ಸೋಂಕುಗಳಲ್ಲಿ ಶೇಕಡಾ 70ರಷ್ಟನ್ನು ತಡೆಯಬಹುದು.

ಕೈ ತೊಳೆಯುವುದರಿಂದ ಅಷ್ಟಾಗುತ್ತದೆಯೇ ಎಂಬ ಪ್ರಶ್ನೆಗೆ 1840ರ ದಶಕದಲ್ಲೇ ಉತ್ತರ ಸಿಕ್ಕಿದೆ. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ವೈದ್ಯರ ವಿಭಾಗದಲ್ಲಿ 4,010 ಹೆರಿಗೆಗಳಾಗಿ 459 ತಾಯಂದಿರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ 3,754 ಹೆರಿಗೆಗಳಿಗೆ 105 ಸಾವು. ವೈದ್ಯರು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆಯ ಮಂಚಕ್ಕೆ ಬರುತ್ತಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ ಇದನ್ನು ಗಮನಿಸಿ, 1847ರ ಮೇ ತಿಂಗಳಲ್ಲಿ ಬಾಗಿಲ ಬಳಿ ಕ್ಲೋರಿನ್ ನೀರಿಟ್ಟು, ಕೈ ತೊಳೆಯದೆ ಯಾರೂ ಒಳಗೆ ಬರಬಾರದೆಂದ. 1848ರಲ್ಲಿ ಅದೇ ವಿಭಾಗದಲ್ಲಿ 3,556 ಹೆರಿಗೆಗಳಿಗೆ 45 ಸಾವು. 459 ಇದ್ದದ್ದು 45ಕ್ಕೆ ಇಳಿಯಿತು. ಬ್ಯಾಕ್ಟೀರಿಯಾವೇ ರೋಗಕ್ಕೆ ಕಾರಣ ಎಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಸೆಮ್ಮೆಲ್‌ವೈಸ್ ಕೊನೆಗೆ ಬಳಸಿದ್ದು ನಾವು ಇಂದೂ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್.

ಕೈಯಲ್ಲಿ ಅಂಥದ್ದೇನಿದೆ? ಆಸ್ಪತ್ರೆ ಸಿಬ್ಬಂದಿಯ ಕೈಗಳಲ್ಲಿ 39 ಸಾವಿರದಿಂದ 46 ಲಕ್ಷದವರೆಗೆ ಬ್ಯಾಕ್ಟೀರಿಯಾ ಎಣಿಸಿದ್ದಾರೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) 2002ರ ಮಾರ್ಗಸೂಚಿ ಹೇಳುತ್ತದೆ. ಯಾರದೇ ಚರ್ಮದಿಂದ ದಿನಕ್ಕೆ ಹತ್ತಿರ ಹತ್ತಿರ 10 ಲಕ್ಷ ಹೊಟ್ಟಿನ ಚೂರುಗಳು ಜೀವಂತ ಸೂಕ್ಷ್ಮಜೀವಿಗಳನ್ನು ಹೊತ್ತು ಉದುರುತ್ತವೆ. ಅವು ಹಾಸಿಗೆ, ಕಂಬಿ, ಸ್ಟೂಲು, ಡ್ರಿಪ್ ಸ್ಟ್ಯಾಂಡಿನ ಮೇಲೆ ಬೀಳುತ್ತವೆ. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಣ ಮೇಲ್ಮೈಯಲ್ಲಿ ಏಳು ತಿಂಗಳವರೆಗೆ ಬದುಕಿದ್ದು ದಾಖಲಾಗಿದೆ. ರೋಗಿಯನ್ನು ಮುಟ್ಟದೆ ಬರೀ ಮಂಚ ಮುಟ್ಟಿದರೂ ಕೈ ತೊಳೆಯಬೇಕು ಎನ್ನುವುದು ಇದಕ್ಕೇ.

ಸೂಕ್ಷ್ಮಜೀವಿಶಾಸ್ತ್ರ ಓದುವ ಮಕ್ಕಳು ಮೊದಮೊದಲು ಮಾಡುವ ಒಂದು ಪ್ರಯೋಗ ಇದನ್ನು ಕಣ್ಣಿಗೆ ಕಾಣಿಸುತ್ತದೆ. ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಅಗರ್ ತುಂಬಿದ ಗಾಜಿನ ತಟ್ಟೆಗೆ ಐದು ಬೆರಳ ತುದಿಯನ್ನು ಹಗುರವಾಗಿ ಒತ್ತಿ, ಮುಚ್ಚಿ, 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಮಾರನೇ ದಿನ ತೆಗೆದರೆ ಐದು ಬೆರಳಿನ ಗುರುತೂ ಅಲ್ಲೇ ಇರುತ್ತದೆ, ಕೆನೆಬಣ್ಣದ, ಹಳದಿ ಬಣ್ಣದ ಚುಕ್ಕೆಗಳಲ್ಲಿ. ಹೆಬ್ಬೆರಳಿನ ಅಂಚಿನಲ್ಲಿ, ಉಗುರಿನ ಸಂದು ತಾಗಿದಲ್ಲಿ ಚುಕ್ಕೆ ಒತ್ತಾಗಿರುತ್ತವೆ. ಸಾಸಿವೆಗಿಂತ ದೊಡ್ಡದಲ್ಲದ ಒಂದೊಂದು ಚುಕ್ಕೆಯಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ನಿನ್ನೆ ಆ ಜಾಗದಲ್ಲಿ ಇದ್ದದ್ದು ಒಂದೋ ಎರಡೋ.

ಈಗ ತೊಳೆಯುವ ಲೆಕ್ಕ. ಆಲ್ಕೋಹಾಲ್ ಹ್ಯಾಂಡ್ ರಬ್ ಅಂಗೈಗೆ ಹಾಕಿಕೊಂಡು ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿಯನ್ನೆಲ್ಲ 20ರಿಂದ 30 ಸೆಕೆಂಡು ತಿಕ್ಕಿದರೆ, ಕೈಗೆ ಹೊಸದಾಗಿ ಅಂಟಿದ ಸಾವಿರ ಬ್ಯಾಕ್ಟೀರಿಯಾಗಳಲ್ಲಿ 999 ಸಾಯುತ್ತವೆ. ಕೈಗೆ ರಕ್ತವೋ ಮಲವೋ ಮೆತ್ತಿದ್ದರೆ ಸೋಪು ನೀರೇ ಬೇಕು, ಅದಕ್ಕೆ 40ರಿಂದ 60 ಸೆಕೆಂಡು. ಕೈಯಲ್ಲಿ 10 ಲಕ್ಷ ಇದ್ದವೆಂದುಕೊಳ್ಳಿ. ಉಳಿದದ್ದು ಒಂದು ಸಾವಿರ. ಅವು ಗಾಯದಂಥ ಒಳ್ಳೆಯ ನೆಲೆ ಸೇರಿದರೆ ಹತ್ತು ಸಲ ದುಪ್ಪಟ್ಟಾಗಿ ಮತ್ತೆ 10 ಲಕ್ಷ ಮುಟ್ಟಲು ಮೂರು ಗಂಟೆ 20 ನಿಮಿಷ ಸಾಕು. ಹಾಗಾಗಿ ಬೆಳಿಗ್ಗೆ ಡ್ಯೂಟಿಗೆ ಬಂದಾಗ ಒಮ್ಮೆ ಚೆನ್ನಾಗಿ ತೊಳೆದರೆ ಮುಗಿಯಿತು ಎನ್ನುವಂತಿಲ್ಲ. ರೋಗಿಯನ್ನು ಮುಟ್ಟುವ ಮೊದಲು, ಡ್ರೆಸ್ಸಿಂಗ್ ಅಥವಾ ಇಂಜೆಕ್ಷನ್‌ಗೆ ಮೊದಲು, ರಕ್ತ ಮಲ ಮೂತ್ರ ತಗಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಆತನ ಸುತ್ತಲಿನ ವಸ್ತು ಮುಟ್ಟಿದ ಮೇಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಐದು ಹೊತ್ತು ಗೊತ್ತುಮಾಡಿದೆ. ಗ್ಲೌಸ್ ಹಾಕಿದ್ದರೂ ರಿಯಾಯಿತಿಯಿಲ್ಲ. ಗ್ಲೌಸಿನೊಳಗಿನ ಬೆವರಿನಲ್ಲಿ ಬ್ಯಾಕ್ಟೀರಿಯಾ ಇನ್ನೂ ಬೇಗ ಬೆಳೆಯುತ್ತವೆ.

ಇದನ್ನೆಲ್ಲ ಮಾಡಬೇಕಾದವರ ಕಡೆಯಿಂದ ನೋಡೋಣ. ಐಸಿಯುನಲ್ಲಿ ಒಬ್ಬ ಸಿಸ್ಟರ್‌ಗೆ ಗಂಟೆಗೆ ಸರಾಸರಿ 20 ಸಲ ಕೈ ಶುಚಿ ಮಾಡಬೇಕಾದ ಸಂದರ್ಭ ಬರುತ್ತದೆ ಎಂದು ಅದೇ ಸಿಡಿಸಿ ಮಾರ್ಗಸೂಚಿ ಹೇಳುತ್ತದೆ. ಎಂಟು ಗಂಟೆಯ ಪಾಳಿಗೆ 160 ಸಲ. ಸಿಂಕಿನವರೆಗೆ ಹೋಗಿ, ತೊಳೆದು, ಒರೆಸಿಕೊಂಡು ಬರಲು ಒಂದು ನಿಮಿಷ ಹಿಡಿದರೂ 160 ನಿಮಿಷ, ಪಾಳಿಯ ಮೂರನೇ ಒಂದು ಭಾಗ. ಮಂಚದ ಬದಿಯಲ್ಲೇ ಹ್ಯಾಂಡ್ ರಬ್ ಇದ್ದರೆ 20 ಸೆಕೆಂಡಿನಂತೆ 53 ನಿಮಿಷ. ಸಲಕ್ಕೆ 3 ಎಂಎಲ್ ಎಂದರೆ 480 ಎಂಎಲ್. ಒಬ್ಬರಿಗೆ, ಒಂದು ಪಾಳಿಗೆ ಅರ್ಧ ಲೀಟರಿನ ಒಂದು ಬಾಟಲಿ. ಒಬ್ಬ ಸಿಸ್ಟರ್‌ಗೆ ರೋಗಿಗಳ ಸಾಲು ಒಪ್ಪಿಸಿ, ಹ್ಯಾಂಡ್ ರಬ್ಬನ್ನು ಸ್ಟೋರಿನಲ್ಲಿ ಬೀಗ ಹಾಕಿಟ್ಟು, ಸೋಂಕು ಬಂದಾಗ ಅವರನ್ನೇ ಬೈಯುವುದು ಅನ್ಯಾಯ. ಕೈ ತೊಳೆಯುವವರು ಅವರೇ ಆದರೂ, 53 ನಿಮಿಷವನ್ನೂ ಅರ್ಧ ಲೀಟರನ್ನೂ ಕೊಡಬೇಕಾದದ್ದು ಆಡಳಿತ.

ರೋಗದ ಹೆಸರು ಗೊತ್ತಾದ ಮೇಲೆ ಎಚ್ಚರ ವಹಿಸಿದರೆ ಸಾಲದೇ? ಸಾಲದೆಂದು ಶಿವಮೊಗ್ಗ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಊರಿನವರಿಗೆ ವಿಪರೀತ ಜ್ವರ ಬಂತು. ಆ ಜ್ವರಕ್ಕೆ ಹೆಸರೇ ಇರಲಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಎಂದು ಗೊತ್ತಾದದ್ದು ಆಮೇಲೆ. ಅದರ ವೈರಸ್ ಎಷ್ಟು ಸಣ್ಣದೆಂದರೆ ಒಂದು ಮಿಲಿಮೀಟರಿನಲ್ಲಿ 20 ಸಾವಿರದಷ್ಟನ್ನು ಸಾಲಾಗಿ ಇಡಬಹುದು. ರೋಗಿಯಿಂದ ಇನ್ನೊಬ್ಬರಿಗೆ ಅದು ನೇರ ಹರಡಿದ್ದು ಕಂಡಿಲ್ಲ. ಆದರೆ ಪ್ರಯೋಗಾಲಯದಲ್ಲಿ ಅದರೊಂದಿಗೆ ಕೆಲಸ ಮಾಡಿದ ಹಲವರಿಗೆ ತಗಲಿದೆ. ಇವತ್ತು ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯವಿದೆ. ಆದರೂ ಜ್ವರ ಹೊತ್ತು ಬಂದವರ ರಕ್ತ ತೆಗೆಯುವ ಸಿಸ್ಟರ್‌ಗೆ ಅದು ಡೆಂಗಿಯೋ, ಇಲಿಜ್ವರವೋ, ಮಂಗನ ಕಾಯಿಲೆಯೋ ಆ ಗಳಿಗೆಯಲ್ಲಿ ಗೊತ್ತಿರುವುದಿಲ್ಲ. ರಿಪೋರ್ಟಿಗಿಂತ ರಕ್ತ ಮೊದಲು ಕೈಗೆ ಬರುತ್ತದೆ. ಯಾರದೇ ರಕ್ತವಿರಲಿ, ಸೋಂಕಿದೆ ಎಂದೇ ಭಾವಿಸಿ ಮುಟ್ಟಬೇಕೆಂಬ ನಿಯಮ ಇರುವುದು ಇದಕ್ಕೇ.

ಸೂಜಿ ಚುಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ನೆನಪಿಡಲು ಸುಲಭವಾದ ಅಂಕಿಗಳಿವೆ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದಾಗ ಎಚ್‌ಐವಿ ಬರುವ ಸಾಧ್ಯತೆ ಶೇಕಡಾ 0.3, ಹೆಪಟೈಟಿಸ್ ಸಿ ಸುಮಾರು 3, ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ 30ರವರೆಗೆ. ಜನ ಹೆದರುವುದು ಮೊದಲನೆಯದಕ್ಕೆ, ನೂರು ಪಟ್ಟು ಸುಲಭವಾಗಿ ತಗಲುವುದು ಕೊನೆಯದು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕುತ್ತದೆ. ಕೊನೆಯದಕ್ಕೆ ಮೂರು ಡೋಸಿನ ಲಸಿಕೆಯೂ ಇದೆ. ಅದನ್ನು ಡಾಕ್ಟರು, ಸಿಸ್ಟರುಗಳಷ್ಟೇ ಕಡ್ಡಾಯವಾಗಿ ವಾರ್ಡಿನ ಕಸ ತೆಗೆಯುವವರಿಗೂ ಹಾಕಿಸಬೇಕು. ಬಳಸಿದ ಸೂಜಿಗೆ ಮತ್ತೆ ಟೋಪಿ ಹಾಕಬಾರದು. ಅದನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಹಾಕಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುವುದು ಕೊನೆಗೆ ಚೀಲ ಎತ್ತುವ ಆ ಕೈಗಳ ಸಲುವಾಗಿ.

ನಮ್ಮೂರಿನ ಆಸ್ಪತ್ರೆ ಎಲ್ಲಿ ನಿಂತಿದೆ ಎಂದು ತಿಳಿಯಲು ಸೂಕ್ಷ್ಮದರ್ಶಕ ಬೇಡ. ಸಾವಿರ ರೋಗಿ-ದಿನಕ್ಕೆ ಕನಿಷ್ಠ 20 ಲೀಟರ್ ಹ್ಯಾಂಡ್ ರಬ್ ಖರ್ಚಾಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಅಂದರೆ ಒಬ್ಬ ರೋಗಿಗೆ ದಿನಕ್ಕೆ 20 ಎಂಎಲ್. 30 ಮಂಚದ ಭರ್ತಿ ವಾರ್ಡಿಗೆ ದಿನಕ್ಕೆ 600 ಎಂಎಲ್, ತಿಂಗಳಿಗೆ 18 ಲೀಟರ್. ಶಿವಮೊಗ್ಗದ ಮೆಗ್ಗಾನ್ ಇರಲಿ, ಭದ್ರಾವತಿಯ ತಾಲ್ಲೂಕು ಆಸ್ಪತ್ರೆ ಇರಲಿ, ಖಾಸಗಿ ನರ್ಸಿಂಗ್ ಹೋಮ್ ಇರಲಿ, ಸ್ಟೋರಿನ ರಿಜಿಸ್ಟರಿನಲ್ಲಿ ಆ ಅಂಕಿ ಇದ್ದೇ ಇರುತ್ತದೆ. ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಮುಂದಿನ ಸಭೆಯಲ್ಲಿ ಅದೊಂದನ್ನು ಕೇಳಲಿ. 18 ಲೀಟರ್ ಬೇಕಾದಲ್ಲಿ ನಾಲ್ಕು ಲೀಟರ್ ಖರ್ಚಾಗಿದ್ದರೆ, ತೊಳೆಯಬೇಕಾದ ಕೈ ಎಷ್ಟು ಸಲ ತೊಳೆದಿಲ್ಲ ಎಂಬುದನ್ನು ಉಳಿದ 14 ಲೀಟರೇ ಹೇಳುತ್ತದೆ.