ಒಂದು ಮರದಣಬೆಯ ಸಂಗ್ರಹಚೀಟಿಗಳೂ ನಾಮವಿಚಾರವೂ

ಶಾಸನಗಳ ಕಾಲ, ಸ್ಥಳ, ಕರ್ತೃಗಳನ್ನು ನಿರ್ಣಯಿಸುವುದರಲ್ಲಿ ಪರಿಶ್ರಮವುಳ್ಳ ವಾಚಕರಿಗೆ ಸಸ್ಯಸಂಗ್ರಹಾಲಯದ ಚೀಟಿಯು ತೀರ ಅಪರಿಚಿತವೆನಿಸಲಾರದು. ಒಣಗಿಸಿಟ್ಟ ಪ್ರತಿಯೊಂದು ಮಾದರಿಯೊಡನೆಯೂ ಸಂಗ್ರಾಹಕನ ಹೆಸರು, ದಿನಾಂಕ, ಸ್ಥಳ, ಆಶ್ರಯವೃಕ್ಷ ಇವುಗಳನ್ನು ಬರೆದಿಡುವುದು ಪದ್ಧತಿ. ಚೀಟಿಯಿಲ್ಲದ ಮಾದರಿಯು ಆದ್ಯಂತಗಳು ಕಳೆದುಹೋದ ಬಿಡಿ ಓಲೆಯಂತೆ. ಅದರಿಂದ ದೇಶಕಾಲಗಳು ಸಿದ್ಧಿಸವು. ಇದಕ್ಕೆ ಒಂದು ಉದಾಹರಣೆಯನ್ನು ವಿಚಾರಿಸೋಣ.

ಅಮೆರಿಕಾ ದೇಶದ ಆರೆಗಾನ್ ಮತ್ತು ವಾಷಿಂಗ್ಟನ್ ಸಂಸ್ಥಾನಗಳ ಪರ್ವತಾರಣ್ಯಗಳಲ್ಲಿ, ಹಳೆಯ ಫರ್ ಮರಗಳ ಬುಡದಲ್ಲಿ ಬೆಳೆಯುವ ಬೃಹತ್ತಾದ ಅಣಬೆಯೊಂದುಂಟು. ಇದು ಮಳೆಗಾಲದ ನಾಯಿಕೊಡೆಯಂತೆ ಕೆಲವು ದಿನಗಳಲ್ಲಿ ನಶಿಸತಕ್ಕುದಲ್ಲ. ವರ್ಷವರ್ಷವೂ ಪದರದ ಮೇಲೆ ಪದರವಾಗಿ ಬೆಳೆದು, ಬೆನ್ನ ಮೇಲೆ ಹಾವಸೆಯನ್ನು ಧರಿಸಿಕೊಂಡಿರುತ್ತದೆ. 1946ರಲ್ಲಿ ದೊರೆತ ಒಂದರ ತೂಕವು ಸುಮಾರು 300 ಪೌಂಡುಗಳೆಂದು ದಾಖಲೆಯಿದೆ. 1949ರಲ್ಲಿ ವಿಲಿಯಂ ಬ್ರಿಜ್ ಕುಕ್ ಎಂಬ ವಿದ್ವಾಂಸನು ಇದಕ್ಕೆ 'ಆಕ್ಸಿಪೋರಸ್ ನೊಬಿಲಿಸ್ಸಿಮಸ್' ಎಂದು ನಾಮಕರಣ ಮಾಡಿದನು. 1996ರಲ್ಲಿ ಬರ್ಡ್‌ಸಾಲ್, ವೋಲ್ಕ್, ಅಮ್ಮಿರಾಟಿ ಎಂಬವರು ಇದನ್ನು ಬೇರೊಂದು ಕುಲವೆಂದೆಣಿಸಿ, ಕುಕ್ಕನ ಹೆಸರಿನಿಂದಲೇ ಆ ಕುಲವನ್ನು 'ಬ್ರಿಜಿಯೋಪೋರಸ್' ಎಂದು ಕರೆದರು. ಕುಲನಾಮವು ಬದಲಾಯಿತು, ಗುಣವಾಚಕವಾದ ಉತ್ತರಪದವು ಉಳಿಯಿತು.

ಆ ಉತ್ತರಪದವು ಲ್ಯಾಟಿನ್ ಭಾಷೆಯಲ್ಲಿ ನಮ್ಮ 'ತಮ' ಪ್ರತ್ಯಯದ ಅರ್ಥವುಳ್ಳದ್ದು. 'ಅತ್ಯಂತ ಶ್ರೇಷ್ಠ'ವೆಂದು ತಾತ್ಪರ್ಯ. ಆಶ್ರಯವೃಕ್ಷಕ್ಕೂ ಹಿಂದೆ 'ಏಬೀಸ್ ನೊಬಿಲಿಸ್' ಎಂಬ ಹೆಸರೇ ಇದ್ದಿತು. ಆದರೆ ಅದೇ ಹೆಸರು ಮೊದಲೇ ಬೇರೆ ಮರಕ್ಕೆ ಸಂದಿದ್ದುದರಿಂದ, 1940ರಲ್ಲಿ ರೇಡರ್ ಎಂಬವನು ಇದನ್ನು 'ಏಬೀಸ್ ಪ್ರೊಸೆರಾ' ಎಂದು ಕರೆದನು. ಒಂದು ಚೀಟಿಯಲ್ಲಿ ಮೊದಲನೆಯ ಹೆಸರೂ ಇನ್ನೊಂದರಲ್ಲಿ ಎರಡನೆಯದೂ ಕಂಡುಬಂದಲ್ಲಿ ಆಶ್ರಯವೃಕ್ಷಗಳು ಎರಡೆಂದು ಎಣಿಸುವುದು, ದ್ವಾರಸಮುದ್ರವನ್ನೂ ಹಳೇಬೀಡನ್ನೂ ಎರಡು ಊರುಗಳೆಂದಂತೆ. ಹಾಗೆಂದು 'ಏಬೀಸ್ ಅಮಾಬಿಲಿಸ್' ಎಂದು ಬರೆದಿದ್ದರೆ ಅದನ್ನೂ ಪರ್ಯಾಯವೆಂದು ತಳ್ಳಬಾರದು; ಅದು ನಿಜವಾಗಿಯೂ ಬೇರೆ ಮರ, ಈ ಅಣಬೆಯು ಅದರಲ್ಲಿಯೂ ಬೆಳೆಯುತ್ತದೆ.

ಇದು ಕೇವಲ ಶಬ್ದಚರ್ಚೆಯಲ್ಲ. 1995ರಲ್ಲಿ ಆರೆಗಾನಿನಲ್ಲಿ ಈ ಅಣಬೆಯನ್ನು ವಿನಾಶದ ಅಂಚಿನಲ್ಲಿರುವುದೆಂದು ಪಟ್ಟಿಮಾಡಿದರು. ಯಾವ ಕಾಡನ್ನು ಕಡಿಯದೆ ಉಳಿಸಬೇಕೆಂಬುದು ಅಣಬೆಯು ಯಾವ ಮರದಲ್ಲಿ, ಎಲ್ಲಿ ಕಂಡಿತೆಂಬ ದಾಖಲೆಯನ್ನೇ ಅವಲಂಬಿಸಿದೆ. ಚೀಟಿಯನ್ನು ತಪ್ಪಾಗಿ ಓದಿದಲ್ಲಿ ರಕ್ಷಣೆಯೂ ತಪ್ಪು ಸ್ಥಳಕ್ಕೆ ಸಲ್ಲುವುದು.

ಆದುದರಿಂದಲೇ ಸಂಗ್ರಹಾಲಯಗಳಲ್ಲಿ ಹಳೆಯ ಚೀಟಿಯನ್ನು ಅಳಿಸಿ ತಿದ್ದುವುದಿಲ್ಲ. ಹೊಸ ನಿರ್ಣಯವನ್ನು ಬೇರೊಂದು ಚೀಟಿಯಲ್ಲಿ ಬರೆದು, ನಿರ್ಣಯಿಸಿದವನ ಹೆಸರನ್ನೂ ವರ್ಷವನ್ನೂ ಸೇರಿಸಿ ಪಕ್ಕದಲ್ಲಿ ಅಂಟಿಸುತ್ತಾರೆ. ಮೂಲಪಾಠವನ್ನು ಕೆಡಿಸದೆ ಪಾಠಾಂತರವನ್ನು ಅಡಿಯಲ್ಲಿ ತೋರಿಸುವ ಗ್ರಂಥಸಂಪಾದಕನ ಧರ್ಮವೂ ಇದೇ ಆಗಿದೆ.