ಕಪ್ಪು ಹುಳದ ಲೆಕ್ಕ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ಜಮಾ-ಖರ್ಚು ಬರೆದವನು ನಾನು. ನಿವೃತ್ತನಾದ ಮೇಲೆ ಸಾಗರದ ನಮ್ಮ ಮನೆಯ ಹಿತ್ತಲೇ ನನ್ನ ಲೆಡ್ಜರು. ಬಿತ್ತಿದ್ದು, ಕೊಯ್ದದ್ದು, ಹುಳ ತಿಂದದ್ದು ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದಿಡುತ್ತೇನೆ. ಕಳೆದ ಮಳೆಗಾಲದ ಪುಟದಲ್ಲಿ ಒಂದು ತಪ್ಪಿದೆ. ಅದನ್ನು ಹಿಡಿದವಳು ನಾಲ್ಕನೇ ತರಗತಿ ಓದುವ ಮೊಮ್ಮಗಳು ಪುಟ್ಟಿ.

ಮಲೆನಾಡಿನ ಮಳೆಯಲ್ಲಿ ತರಕಾರಿ ಬೆಳೆಯುವುದು ಸುಲಭವಲ್ಲ. ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಮೃಗಶಿರ ಮಳೆ ಹಿಡಿಯುವ ಮೊದಲೇ ಗೇಣೆತ್ತರದ ಏರಿ ಮಾಡಿ, ನಡುವೆ ನೀರು ಹರಿಯಲು ದಾರಿ ತೆಗೆದು, ಬೆಂಡೆ, ಹಾಗಲ, ಅಲಸಂದೆ ಬೀಜ ಹಾಕಿದ್ದೆ. ರಾತ್ರಿ ಬಸವನಹುಳುಗಳ ಕಾಟ. ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಗಾಗುವಷ್ಟರಲ್ಲಿ ಅದರಡಿ ಸೇರಿರುತ್ತವೆ. ಹೆಕ್ಕುವುದು ಪುಟ್ಟಿಯ ಕೆಲಸ. ಹಣ್ಣುನೊಣ ಮೊಟ್ಟೆಯಿಡದಂತೆ ಹಾಗಲದ ಎಳೆಗಾಯಿಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿದ್ದೆವು.

ಆಶ್ಲೇಷಾ ಮಳೆಯ ನಡುವೆ ನಾಲ್ಕು ದಿನ ಹೊಳವಾಯಿತು. ಅಷ್ಟರಲ್ಲೇ ಅಲಸಂದೆಯ ಕುಡಿಗಳಿಗೆಲ್ಲ ಕಪ್ಪು ಹೇನು ಮುತ್ತಿ, ಎಲೆ ಮುರುಟಿತು. ಹೇನು ಸುರಿಸುವ ಸಿಹಿರಸಕ್ಕೆ ಇರುವೆಗಳ ಸಾಲು ಬೇರೆ. ಅವುಗಳ ನಡುವೆ ಕಪ್ಪು ಮೈಯ, ಕಿತ್ತಳೆ ಮಚ್ಚೆಯ, ಪುಟಾಣಿ ಮೊಸಳೆಯಂಥ ಹುಳಗಳು ಓಡಾಡುತ್ತಿದ್ದವು. ಇವೇ ಕಳ್ಳರೆಂದು ಹನ್ನೊಂದನ್ನು ಹೊಸಕಿ ಹಾಕಿ, ‘ಕೆಟ್ಟ ಹುಳ: 11’ ಎಂದು ಬರೆದೆ.

“ಅಜ್ಜ, ಇದೊಂದನ್ನ ಬಿಡು. ನಾನು ಸಾಕ್ತೀನಿ” ಎಂದಳು ಪುಟ್ಟಿ.

ಜಾಮಿನ ಬಾಟಲಿಗೆ ಹೇನಿದ್ದ ಕುಡಿಯೊಂದನ್ನಿಟ್ಟು, ಹುಳ ಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿದಳು. ಮರುದಿನ ನೋಡಿದರೆ ಕುಡಿ ಹಾಗೇ ಇದೆ, ಹೇನು ಮಾತ್ರ ಇಲ್ಲ! ದಿನವೂ ಹೊಸ ಕುಡಿ ಹಾಕಿದಳು. ಮೂರನೆಯ ದಿನ ಹುಳ ಎಲೆಗೆ ಅಂಟಿಕೊಂಡು ಅಲುಗಾಡದಾಯಿತು. ಸತ್ತೇಹೋಯಿತೆಂದು ಪುಟ್ಟಿ ಅತ್ತಳು. ಐದಾರು ದಿನ ಕಳೆದು ಅದರ ಬೆನ್ನು ಬಿರಿದು ಹಳದಿ ಜೀವವೊಂದು ಹೊರಬಂತು. ಸಂಜೆಯೊಳಗೆ ಮೈ ಕೆಂಪಾಗಿ ಕಪ್ಪು ಚುಕ್ಕೆಗಳು ಮೂಡಿದವು. ಗುಲಗಂಜಿ ಹುಳ!

“ಹಾಗಾದ್ರೆ ನೀನು ಕೊಂದಿದ್ದು ಇದರ ಮರಿಗಳನ್ನಾ, ಅಜ್ಜ?”

ನನಗೆ ಮಾತು ಹೊರಡಲಿಲ್ಲ. ಕಾವಲುಗಾರರನ್ನೇ ಕಳ್ಳರೆಂದು ಹೊಡೆದಿದ್ದೆ. ಅಷ್ಟರಲ್ಲಿ ಹೇನು ಇನ್ನೂ ಹೆಚ್ಚಿ ಎರಡು ಬಳ್ಳಿ ಒಣಗಿಹೋಗಿದ್ದವು.

ಪುಸ್ತಕ ತೆರೆದೆ. “ರಬ್ಬರಲ್ಲಿ ಅಳಿಸ್ಲಾ?” ಎಂದಳು. ಬೇಡವೆಂದೆ. ಬ್ಯಾಂಕಿನಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ. ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಹಾಗೆಯೇ ಮಾಡಿದೆ. ‘ಕಾವಲುಗಾರರು: 11’ ಎಂದು ಬರೆದು ಸಹಿ ಹಾಕಿದೆ. ಪಕ್ಕದಲ್ಲಿ ಪುಟ್ಟಿಯೂ ತನ್ನ ಸಹಿ ಹಾಕಿದಳು.

ಮಕ್ಕಳೇ, ಗುಲಗಂಜಿ ಹುಳಕ್ಕೆ ಒಬ್ಬ ಪುಂಡ ದಾಯಾದಿಯೂ ಇದ್ದಾನೆ. ಬದನೆ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುತ್ತಾನೆ. ಅವನ ಮರಿ ಹಳದಿ, ಮೈತುಂಬ ಮುಳ್ಳು. ಆದ್ದರಿಂದ ಬಣ್ಣ ನೋಡಿ ತೀರ್ಮಾನಿಸಬೇಡಿ, ಏನು ತಿನ್ನುತ್ತದೆಂದು ನೋಡಿ. ಹೇನು ಕಂಡರೆ ನಾವೀಗ ಮೊದಲು ನೀರು ಎರಚಿ ತೊಳೆಯುತ್ತೇವೆ. ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಕಲಸಿ, ಮಳೆಯಿಲ್ಲದ ಸಂಜೆ ಸಿಂಪಡಿಸುತ್ತೇವೆ. ಕಾವಲುಗಾರರಿರುವ ಕುಡಿಗಳನ್ನು ಮಾತ್ರ ಮುಟ್ಟುವುದಿಲ್ಲ.

ಜಾಮಿನ ಬಾಟಲಿ ಈಗಲೂ ಹಿತ್ತಿಲ ಕಟ್ಟೆಯ ಮೇಲಿದೆ. ಗುರುತು ಸಿಗದ ಹುಳ ಬಂದರೆ ಮೊದಲು ಅದರೊಳಗೆ, ತೀರ್ಪು ಆಮೇಲೆ.