ಹಾಲಿನ ಕ್ಯಾನಿನೊಳಗಿನ ಲೋಳೆ



ಟಿಕೋಟಾ, ಬಬಲೇಶ್ವರ ಸೀಮೆಯ ಹಳ್ಳಿಗಳಿಂದ ವಿಜಯಪುರ ಪಟ್ಟಣಕ್ಕೆ ಹಾಲು ಹೋಗುತ್ತದೆ. ಎಮ್ಮೆ ಚಲೋ, ಮೇವು ಚಲೋ, ಕರೆಯುವ ಕೈಯೂ ಸ್ವಚ್ಛ. ಆದರೂ ಬೇಸಿಗೆ ಬಂತೆಂದರೆ ಕೆಲವರ ಹಾಲು ಮೇಲಿಂದ ಮೇಲೆ ಒಡೆಯುತ್ತದೆ. "ಕ್ಯಾನಿಗೆ ಔಷಧಾನೂ ಹಾಕೇವ್ರಿ, ಗುಣ ಬರಲಿಲ್ಲ" ಎನ್ನುತ್ತಾರೆ. ತಪ್ಪು ಔಷಧದಲ್ಲಿಲ್ಲ, ಹಾಕುವ ಕ್ರಮದಲ್ಲಿದೆ.

ಖಾಲಿ ಕ್ಯಾನಿನ ಕಂಠದೊಳಗೆ ಬೆರಳಾಡಿಸಿ ನೋಡ್ರಿ. ಜಾರಿದರೆ ಬರೇ ಜಿಡ್ಡೆಂದು ತಿಳಿಯಬೇಡಿ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪಾತ್ರೆಗೆ ಅಂಟಿಕೊಂಡು, ತಮ್ಮ ಮೈಯಿಂದಲೇ ಅಂಟು ಸುರಿಸಿ ಕಟ್ಟಿಕೊಂಡ ಗೂಡು ಅದಾಗಿರಬಹುದು. ನಮ್ಮ ಕೊಳವೆಬಾವಿಯ ಗಡಸು ನೀರಿನ ಸುಣ್ಣವೂ ಹಾಲಿನ ಕೆನೆಯೂ ಸೇರಿದರೆ ಗೂಡು ಇನ್ನೂ ಗಟ್ಟಿಯಾಗುತ್ತದೆ.

ಹಾಲೆಂಡ್ ದೇಶದ ಲ್ಯೂವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ 1684ರಲ್ಲೇ ಇದನ್ನು ಕಂಡಿದ್ದ. ಹಲ್ಲಿನ ಪಾಚಿಗೆ ಹುಳಿನೀರು ಹಾಕಿದಾಗ ಮೇಲಿನ ಜೀವಿಗಳು ಮಾತ್ರ ಸತ್ತವು; ಒಳಗಿನವು ಉಳಿದವು. ಕ್ಯಾನಿನಲ್ಲೂ ಹಾಗೇ. ಔಷಧದ ಕಸುವು ಲೋಳೆಯ ಮೇಲೇ ತೀರಿಹೋಗುತ್ತದೆ. ಉಳಿದ ಜೀವಿಗಳು ಬೆಚ್ಚನೆಯ ಹಾಲಿಗಿಳಿದು, ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗಬಲ್ಲವು. ಆದ್ದರಿಂದ ಮೊದಲು ತಿಕ್ಕುವುದು, ಆಮೇಲೆ ಔಷಧ.

ಕ್ರಮ ಹೀಗಿದೆ:

ಒಂದು: ಹಾಲು ಹಾಕಿ ಬಂದ ಕೂಡಲೇ ತಣ್ಣೀರಿನಿಂದ ಗಲಬರಿಸಿ. ಮೊದಲೇ ಕುದಿನೀರು ಹಾಕಿದರೆ ಹಾಲು ಬೆಂದು ಅಂಟಿಕೊಳ್ಳುತ್ತದೆ.

ಎರಡು: 10 ಲೀಟರ್ ಬಿಸಿನೀರಿಗೆ 50 ಗ್ರಾಂ ಬಟ್ಟೆ ಸೋಡಾ ಹಾಕಿ ಬ್ರಶ್ಶಿನಿಂದ ತಿಕ್ಕಿ. ಕಂಠ, ಮುಚ್ಚಳದ ರಬ್ಬರು, ನೆಗ್ಗಿದ ಜಾಗ ಬಿಡಬೇಡಿ. ಅಲ್ಯೂಮಿನಿಯಂ ಕ್ಯಾನನ್ನು ಸೋಡಾ ತಿನ್ನುತ್ತದೆ. ಅದಕ್ಕೆ ಭಾಂಡೆ ತಿಕ್ಕುವ ಸೋಪು ಸಾಕು. ಚೆನ್ನಾಗಿ ತೊಳೆಯಿರಿ.

ಮೂರು: ಈಗ ಔಷಧ. 10 ಲೀಟರ್ ನೀರಿಗೆ 7–8 ಗ್ರಾಂ, ಅಂದರೆ ಎರಡು ಸಣ್ಣ ಚಮಚ, ಹೊಸ ಬ್ಲೀಚಿಂಗ್ ಪುಡಿ ಕಲಸಿ. ಗಸಿ ಇಳಿದ ಮೇಲೆ ತಿಳಿನೀರನ್ನು ಕ್ಯಾನಿನೊಳಗೆಲ್ಲ ತಾಗಿಸಿ ಐದು ಮಿನಿಟು ಬಿಡಿ. ಹೆಚ್ಚು ಹೊತ್ತು ಬೇಡ, ಲೋಹ ಕೆಡುತ್ತದೆ. ನಂತರ ಕುದಿಸಿ ಆರಿಸಿದ ನೀರಿನಿಂದ ತೊಳೆಯಿರಿ.

ನಾಲ್ಕು: ನೆಲಕ್ಕೆ ತಾಗದಂತೆ ಕಟ್ಟಿಗೆಯ ಅಟ್ಟದ ಮೇಲೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಿ. ಹಸಿ ಉಳಿದರೆ ಲೋಳೆ ಮತ್ತೆ ಹುಟ್ಟುತ್ತದೆ.

ಗಟ್ಟಿ ಬಿಳಿ ಪೊರೆ ಬಿಡದಿದ್ದರೆ ಇಂಡಿಯ ಲಿಂಬೆಹಣ್ಣೇ ಸಾಕು, ರಸ ಹಚ್ಚಿ ತಿಕ್ಕಿ. ಆದರೆ ಲಿಂಬೆರಸವನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದೂ ಕೂಡಿಸಬಾರದು, ವಿಷಗಾಳಿ ಏಳುತ್ತದೆ. ಹುಳಿ ಹಚ್ಚಿದ ಕ್ಯಾನನ್ನು ಪೂರಾ ತೊಳೆದ ಮೇಲೆಯೇ ಔಷಧ. ಪುಡಿಯ ಡಬ್ಬಿ ಮಕ್ಕಳ ಕೈಗೆ ಸಿಗದಿರಲಿ.

ಇನ್ನೊಂದು ಮಾತು. ಔಷಧ ಪಾತ್ರೆಗೆ, ಹಾಲಿಗಲ್ಲ. ಒಡೆಯದಿರಲೆಂದು ಹಾಲಿನಲ್ಲೇ ಸೋಡಾ ಬೆರೆಸುವುದು ಕಾಯದೆಗೆ ವಿರುದ್ಧ. ಆ ಹಾಲು ಯಾರದೋ ಮನೆಯ ಕೂಸಿನ ಬಟ್ಟಲಿಗೆ ಹೋಗುತ್ತದೆ. ನಿಮ್ಮ ಕೂಸೂ ಅದನ್ನೇ ಕುಡಿಯುತ್ತದೆ. ಇಂದು ಸಂಜೆ ಕ್ಯಾನಿನ ಕಂಠದೊಳಗೆ ಬೆರಳಾಡಿಸಿ ನೋಡುತ್ತೀರಲ್ಲ?